0.70 ವೋಲ್ಟ್ ತೋರಿಸಿದರೂ ಸ್ನೋಮೊಬೈಲ್ ಮುಗ್ಗರಿಸುವುದೇಕೆ?

ನಿಮ್ಮ ಪ್ರಶ್ನೆ ಇಷ್ಟು ಎಂದುಕೊಂಡಿದ್ದೇನೆ: ಎರಡು ಸಿಲಿಂಡರಿನ, ಫ್ಯುಯೆಲ್ ಇಂಜೆಕ್ಷನ್ ಇರುವ ಹಳೆಯ ಟೂ-ಸ್ಟ್ರೋಕ್ ಸ್ನೋಮೊಬೈಲ್‌ಗೆ (ಹಿಮದ ಮೇಲೆ ಓಡುವ ಗಾಡಿ) ಹೊಸ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆ ಎಷ್ಟು ತೆರೆದಿದೆ ಎಂದು ಗಾಡಿಯ ಕಂಪ್ಯೂಟರಿಗೆ ವೋಲ್ಟ್‌ನಲ್ಲಿ ತಿಳಿಸುವ ಸೆನ್ಸರ್, ಹಾಕಿದಿರಿ. ಗಾಡಿಯಲ್ಲಿ ಬ್ಯಾಟರಿ ಇಲ್ಲದ ಕಾರಣ ಹಗ್ಗ ಎಳೆದು ಎಂಜಿನ್ ಓಡಿಸಿಕೊಂಡೇ ಅಳೆದಿರಿ. ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬರೆದ 0.70 ವೋಲ್ಟ್ ಬರುವ ತನಕ ಸೆನ್ಸರನ್ನು ತಿರುಗಿಸಿ ಬಿಗಿ ಮಾಡಿದಿರಿ. ಈಗ ನಿಂತಲ್ಲಿ ಚೆನ್ನಾಗಿ ಓಡುತ್ತದೆ, ಹ್ಯಾಂಡಲಿನ ಲಿವರನ್ನು ಹೆಬ್ಬೆರಳಿನಿಂದ ಒತ್ತಿದೊಡನೆ ಉಸಿರುಗಟ್ಟಿದಂತಾಗುತ್ತದೆ. ಮಾರನೆಯ ದಿನ ಅಳೆದರೆ ಅಂಕಿಯೂ ಬೇರೆ.

ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಿ. ಆ 0.70 ಐಡಲ್‌ನ, ಅಂದರೆ ಲಿವರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವಾಗಿನ, ಅಂಕಿಯಾಗಿರಲಾರದು, ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿದಾಗಿನ ಅಂಕಿಯಾಗಿರುತ್ತದೆ. ಐಡಲ್‌ನಲ್ಲಿ ತಟ್ಟೆ ಸ್ವಲ್ಪ ತೆರೆದೇ ಇರುತ್ತದೆ, ಇಲ್ಲದಿದ್ದರೆ ಎಂಜಿನ್‌ಗೆ ಉಸಿರೇ ಇರುವುದಿಲ್ಲ. ನನ್ನ ಗಾಡಿಯಲ್ಲಿ ಮುಚ್ಚಿದಾಗ 0.70, ಐಡಲ್‌ನಲ್ಲಿ 0.93. ನೀವು ತೆರೆದಿರುವ ತಟ್ಟೆಯನ್ನು ತೋರಿಸಿ 'ಇದು ಮುಚ್ಚಿದೆ' ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿದ್ದೀರಿ. ಪೂರ್ತಿ ಒತ್ತುವ ಹೊತ್ತಿಗೆ ಸೆನ್ಸರ್ ಸುಮಾರು 4.2 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಂಡರೆ, 85 ಡಿಗ್ರಿಯ ಓಟದಲ್ಲಿ ಡಿಗ್ರಿಗೆ 0.04 ವೋಲ್ಟ್ ಬೀಳುತ್ತದೆ. 0.23 ವೋಲ್ಟಿನ ತಪ್ಪೆಂದರೆ ಹತ್ತಿರಹತ್ತಿರ ಆರು ಡಿಗ್ರಿ. ಇಂಥ ಎಂಜಿನ್‌ಗಳು ಮುಖ್ಯವಾಗಿ ತಟ್ಟೆಯ ಕೋನವನ್ನೂ ಎಂಜಿನ್ನಿನ ವೇಗವನ್ನೂ ನೋಡಿಯೇ ಪೆಟ್ರೋಲ್ ಅಳೆದು ಕೊಡುವುದರಿಂದ, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಆಗಿದೆ. ಹೀಗೇ ಓಡಿಸಿದರೆ ಪಿಸ್ಟನ್ ಸುಟ್ಟೀತು.

ಇದು ನನಗೂ ಆದದ್ದೇ. ಮೈಸೂರಿನಲ್ಲಿ ಮಾವನ ಯೆಜ್ದಿಯ ಮೇಲೆ ಟೂ-ಸ್ಟ್ರೋಕ್ ಕಲಿತವನು ನಾನು. ಅಲ್ಲಿ ಮೆಕ್ಯಾನಿಕ್‌ಗಳು ತಲೆ ವಾಲಿಸಿ, ಕಿವಿಗೊಟ್ಟು, ಕಾರ್ಬುರೇಟರಿನ ತಿರುಪನ್ನು ಕಾಲು ಸುತ್ತು ಆಡಿಸಿದರೆ ಕೆಲಸ ಮುಗಿಯುತ್ತಿತ್ತು. ಅಮೆರಿಕದ ಡುಲೂತ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಆ ಕಿವಿಯನ್ನೇ ನಂಬಿ, ಸದ್ದು ಹಿತವಾಗುವ ತನಕ ಸೆನ್ಸರನ್ನು ತಿರುಗಿಸಿದೆ. ಸದ್ದು ಹಿತವಾಯಿತು. ಎರಡು ವಾರಕ್ಕೆ ಒಂದು ಪಿಸ್ಟನ್ ಹೋಯಿತು. ಐಡಲ್ ಸರಿಯಿಲ್ಲದಿದ್ದರೆ ಐಡಲ್ ತಿರುಪು ಇದೆ. ಸೆನ್ಸರನ್ನು ಅದಕ್ಕೆ ಬಳಸಬೇಡಿ.

ಈಗ ಕೆಲಸಕ್ಕೆ ಬನ್ನಿ. ಎಂಜಿನ್ ಆರಿಸಿಯೇ ಅಳೆಯಬೇಕು, ಅದಕ್ಕೆ ಹೊರಗಿನಿಂದ 5 ವೋಲ್ಟ್ ಬೇಕು. ಡೀಲರುಗಳ ಬಳಿ ಇದಕ್ಕೆಂದೇ ಪೆಟ್ಟಿಗೆ ಇರುತ್ತದೆ. ನಾನು 9 ವೋಲ್ಟಿನ ಚೌಕ ಬ್ಯಾಟರಿ, ಅದನ್ನು 5 ವೋಲ್ಟಿಗೆ ಇಳಿಸಿ ಹಿಡಿದಿಡುವ ಒಂದು 7805 ರೆಗ್ಯುಲೇಟರ್, ಎರಡು ಕೆಪ್ಯಾಸಿಟರ್ ಬೆಸೆದು ಸಾಬೂನು ಡಬ್ಬಿಯಲ್ಲಿ ಕೂರಿಸಿದ್ದೇನೆ. ಸೆನ್ಸರಿನ ಪ್ಲಗ್ ಅನ್ನು ಗಾಡಿಯ ವೈರಿಂಗ್‌ನಿಂದ ಬೇರ್ಪಡಿಸಿದ ಮೇಲಷ್ಟೇ ಇದನ್ನು ಜೋಡಿಸಿ, ಕಂಪ್ಯೂಟರಿಗೆ ಹಿಂದಿನಿಂದ ಕರೆಂಟ್ ನುಗ್ಗಬಾರದು. ಮೂರು ತಂತಿಗಳಲ್ಲಿ ಯಾವುದು 5 ವೋಲ್ಟ್, ಯಾವುದು ಗ್ರೌಂಡ್, ಯಾವುದು ಸಿಗ್ನಲ್ ಎಂದು ವೈರಿಂಗ್ ನಕ್ಷೆ ನೋಡಿ, ಬಣ್ಣ ನೋಡಿ ಊಹಿಸಬೇಡಿ. 5 ವೋಲ್ಟನ್ನು ಸಿಗ್ನಲ್ ತಂತಿಗೆ ಕೊಟ್ಟರೆ ಒಳಗಿನ ಇಂಗಾಲದ ಪಟ್ಟಿ ಸುಟ್ಟು, ಹೊಸ ಸೆನ್ಸರ್ ಅಲ್ಲೇ ಕಸವಾಗಬಹುದು. ತಂತಿಯ ಮೈಗೆ ಸೂಜಿ ಚುಚ್ಚಿ ಅಳೆಯುವುದೂ ಬೇಡ. ಆ ತೂತಿನಿಂದ ನೀರಿಳಿದು ಒಂದೆರಡು ಚಳಿಗಾಲದಲ್ಲಿ ತಾಮ್ರ ಹಸಿರುಗಟ್ಟುತ್ತದೆ.

ಮೀಟರಿನಲ್ಲಿ ಮೊದಲು ಅಳೆಯಬೇಕಾದದ್ದು ಸಿಗ್ನಲ್ ಅಲ್ಲ, ನೀವು ಕೊಡುತ್ತಿರುವ 5 ವೋಲ್ಟು. ಅದು ನಿಖರವಾಗಿ 5 ಇರುವುದು ಅಪರೂಪ. ನನ್ನ ಡಬ್ಬಿ 4.92 ಕೊಡುತ್ತದೆ. ಈ ಸೆನ್ಸರ್ ತನಗೆ ಬಂದದ್ದರಲ್ಲಿ ಒಂದು ಪಾಲನ್ನು ಮಾತ್ರ ಹಿಂದಿರುಗಿಸುತ್ತದೆ. ಹಾಗಾಗಿ 0.70 ಅನ್ನು 4.92ರಿಂದ ಗುಣಿಸಿ 5ರಿಂದ ಭಾಗಿಸಬೇಕು: 0.689. ಪುಸ್ತಕ ಕೊಡುವ ವಿನಾಯಿತಿ 0.01 ಮಾತ್ರವಾದರೆ ಈ ಒಂದು ಲೆಕ್ಕ ಬಿಟ್ಟರೂ ನೀವು ಗೆರೆ ದಾಟಿರುತ್ತೀರಿ. ಹೊರಗೆ ಮೈನಸ್ 20 ಇರುವಾಗ ಅಂಗಳದಲ್ಲಿ ಈ ಕೆಲಸಕ್ಕೆ ಕೂರಬೇಡಿ. ಚಳಿಗೆ 9 ವೋಲ್ಟಿನ ಬ್ಯಾಟರಿ ಸೊರಗುತ್ತದೆ. ಅದು 7ರ ಕೆಳಗಿಳಿದರೆ ರೆಗ್ಯುಲೇಟರಿಗೂ 5 ಹಿಡಿದಿಡಲಾಗುವುದಿಲ್ಲ. ಗಾಡಿಯನ್ನು ರಾತ್ರಿಯೇ ಗ್ಯಾರೇಜಿನೊಳಗೆ ತಂದು ಬೆಚ್ಚಗಾಗಲು ಬಿಡಿ.

ಇನ್ನು ತಟ್ಟೆ. ಇಲ್ಲಿ ಆತುರ ಬೇಡ. ಥ್ರಾಟಲ್ ಬಾಡಿಯ ಒಳಗೋಡೆಗೆ ಎಣ್ಣೆಯ ಜಿಡ್ಡು ಅಂಟಿ, ಮುಚ್ಚಿದ ತಟ್ಟೆಯ ಅಂಚಿನಲ್ಲಿ ಕಪ್ಪು ಉಂಗುರ ಕಟ್ಟಿರುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯದೆ ತಟ್ಟೆ ಪೂರ್ತಿ ಮುಚ್ಚುವುದಿಲ್ಲ. ಎರಡೂ ತಟ್ಟೆಗಳು ಒಟ್ಟಿಗೆ ಮುಚ್ಚುತ್ತವೆಯೇ ನೋಡಿ, ಇಲ್ಲದಿದ್ದರೆ ಮೊದಲು ಅವನ್ನು ಹೊಂದಿಸಿ. ಕೇಬಲ್ ಸಡಿಲ ಮಾಡಿ. ಐಡಲ್ ತಿರುಪನ್ನು, ಎಷ್ಟು ಸುತ್ತು ಎಂದು ಬರೆದಿಟ್ಟುಕೊಂಡು, ತಟ್ಟೆಯ ಲಿವರಿನಿಂದ ಬಿಡಿಸಿಕೊಳ್ಳುವವರೆಗೆ ಹಿಂದಕ್ಕೆ ತೆಗೆಯಿರಿ. ಲಿವರನ್ನು ಮೂರು ನಾಲ್ಕು ಸಲ ಎತ್ತಿ ಬಿಡಿ. ಪ್ರತಿ ಸಲವೂ ಅಂಕಿ ಅಲ್ಲಿಗೇ ಬಂದು ನಿಂತರೆ ನಿಮಗೆ ನಿಜವಾದ ಸೊನ್ನೆ ಸಿಕ್ಕಿತು. ನೀವು ಮಾರನೆಯ ದಿನ ಕಂಡ ಬೇರೆ ಅಂಕಿ ಬಹುಶಃ ಇಲ್ಲಿಯದೇ.

ಸೆನ್ಸರಿನ ಎರಡು ಸ್ಕ್ರೂಗಳನ್ನು ಅದು ಬಿಗಿಯಾಗಿಯೇ ಜರುಗುವಷ್ಟು ಮಾತ್ರ ಸಡಿಲಿಸಿ, ಲೆಕ್ಕದ ಅಂಕಿಗೆ ತನ್ನಿ. ಬಿಗಿ ಮಾಡುವಾಗ ಅದು ಕೂದಲೆಳೆಯಷ್ಟು ತಿರುಗುತ್ತದೆ. ನನ್ನದು ಯಾವಾಗಲೂ 0.02 ಮೇಲೇರುತ್ತದೆ, ಆದ್ದರಿಂದ ನಾನು ಅಷ್ಟು ಕೆಳಗೇ ಇಟ್ಟು ಬಿಗಿ ಮಾಡುತ್ತೇನೆ. ಲೆಕ್ಕಕ್ಕೆ ಬರುವುದು ಬಿಗಿಯಾದ ಮೇಲಿನ ಅಂಕಿ. ಬಳಿಕ ಪುಸ್ತಕದ ಐಡಲ್ ಅಂಕಿ ಬರುವಷ್ಟು ಐಡಲ್ ತಿರುಪನ್ನು ಒಳಗೆ ತಿರುಗಿಸಿ, ಅದನ್ನೂ ಹಾಗೆಯೇ ಗುಣಿಸಿ ಭಾಗಿಸಿ. ಕೇಬಲ್ ಮತ್ತೆ ಹೊಂದಿಸಿ, ಹ್ಯಾಂಡಲಿನ ಲಿವರನ್ನು ನಿಧಾನವಾಗಿ ಕೊನೆಯವರೆಗೆ ಒತ್ತಿ. ಅಂಕಿ ಎಲ್ಲೂ ಜಿಗಿಯದೆ, ಹಿಂದಕ್ಕೆ ಬೀಳದೆ ಏರಬೇಕು. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇಲ್ಲಿ ಅದೇ ವಾಸಿ. ಕೊನೆಗೆ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಅಂಕಿ ಅಲುಗಾಡಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ. ಎಣ್ಣೆ ಪಂಪಿನ ಕೇಬಲ್ ಅದೇ ಥ್ರಾಟಲಿಗೆ ಸೇರಿದ್ದರೆ ಅದನ್ನೂ ಪುಸ್ತಕದ ಗುರುತಿಗೆ ಹೊಂದಿಸಲು ಮರೆಯಬೇಡಿ.

ಸ್ಕಿ-ಡೂ ಎಂಬ ಬ್ರ್ಯಾಂಡಿನ ಕೆಲವು ಸ್ನೋಮೊಬೈಲ್ ಮಾದರಿಗಳಲ್ಲಿ ಇದ್ಯಾವುದೂ ನಡೆಯದು. ಅವುಗಳ ಮುಚ್ಚಿದ ಸ್ಥಾನವನ್ನು ಡೀಲರ್ ತನ್ನ ಬಡ್ಸ್ ಸಾಫ್ಟ್‌ವೇರ್‌ನಿಂದಲೇ ಕಂಪ್ಯೂಟರಿಗೆ ಹೇಳಿಕೊಡಬೇಕು. ನಿಮ್ಮದು ಕೈಯಲ್ಲಿ ತಿರುಗುವ ಸೆನ್ಸರ್ ಆದ್ದರಿಂದ ಆ ತಾಪತ್ರಯವಿಲ್ಲ.

ಇಷ್ಟಾದ ಮೇಲೂ ತಕ್ಷಣ ಸರೋವರದ ಕಡೆ ಹೊರಡಬೇಡಿ. ತಪ್ಪು ಅಂಕಿಯಲ್ಲಿ ಒಂದಷ್ಟು ಓಡಿಸಿದ್ದೀರಲ್ಲ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಬಿಳಿ ಪಿಂಗಾಣಿಯ ಮೇಲೆ ಉಪ್ಪಿನ ಪುಡಿಯಷ್ಟು ಸಣ್ಣ, ಹೊಳೆಯುವ ಅಲ್ಯೂಮಿನಿಯಂ ಕಣಗಳು ಕಂಡರೆ ಅವು ಪಿಸ್ಟನ್ನಿನಿಂದ ಬಂದವು. ಹಾಗಿದ್ದಲ್ಲಿ ಎಂಜಿನ್ ಚಾಲೂ ಮಾಡುವ ಮೊದಲು ಎರಡೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ, ಆ ಅಂಕಿಗಳನ್ನು ಇಲ್ಲಿ ಬರೆಯಿರಿ.