ಅಣಕಿಸುವವನಲ್ಲ, ನಗುವವರನ್ನು ನೋಡಿ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಟೀಚರ್. ಈ ವರ್ಷ ರಾಯಚೂರು ಕಡೆಯ ಒಬ್ಬ ಹುಡುಗ ಸೇರಿದ್ದಾನೆ. ಅವನು ಬಾಯಿ ಬಿಟ್ಟರೆ ಸಾಕು, ನಾಲ್ಕೈದು ಹುಡುಗರು 'ಹೌದ್ರೀ, ಬರ್ರೀ' ಅಂತ ರಾಗ ಎಳೆದು ಅಣಕಿಸುತ್ತಾರೆ. ಡಬ್ಬಿ ನೋಡಿ 'ಖಡಕ್ ರೊಟ್ಟಿ' ಅಂತ ಹೆಸರಿಟ್ಟಿದ್ದಾರೆ. ಬೈದೆ, ಬುದ್ಧಿ ಹೇಳಿದೆ, ನಿಲ್ಲಲಿಲ್ಲ. ಇದನ್ನೇ ನಾಟಕ ಮಾಡಿಸಿ, ಅಣಕಿಸುವ ಹುಡುಗನ ಕೈಯಲ್ಲೇ ಆ ಹುಡುಗನ ಪಾರ್ಟು ಮಾಡಿಸಿದರೆ ನೋವು ಗೊತ್ತಾಗುತ್ತೆ ಅನ್ನಿಸುತ್ತಿದೆ. ಸರಿಯಾ? 52 ಮಕ್ಕಳಿದ್ದಾರೆ, ಸಿಗುವುದು 40 ನಿಮಿಷ, ಬೆಂಚು ಜರುಗಿಸಲೂ ಜಾಗವಿಲ್ಲ.

ಉತ್ತರ: ನಾಟಕ ಮಾಡಿಸಿ ಮೇಡಂ. ಆದರೆ ಇದನ್ನೇ ಮಾಡಿಸಬೇಡಿ, ಅವನ ಕೈಯಲ್ಲಿ ಆ ಪಾರ್ಟನ್ನಂತೂ ಬೇಡವೇ ಬೇಡ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ರಂಗಶಿಕ್ಷಕನಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಶಾಲೆಯಲ್ಲಿ, ಎಲ್ಲರೂ ರೇಗಿಸುತ್ತಿದ್ದ ಹುಡುಗಿಯ ಕಥೆಯನ್ನೇ ಹೆಸರು ಬದಲಿಸಿ ಆಡಿಸಿದೆ. ಮಕ್ಕಳಿಗೆ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಅವಳು ತಲೆ ತಗ್ಗಿಸಿ ಕೂತಿದ್ದು, ಪೆನ್ನಿನ ಕ್ಯಾಪ್ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದದ್ದು ಇವತ್ತಿಗೂ ಕಣ್ಣಮುಂದಿದೆ. ನಾಟಕದಲ್ಲಿ ಇಟ್ಟಿದ್ದ ಹೆಸರೇ ಆಮೇಲೆ ಅವಳಿಗೆ ಹೊಸ ಅಡ್ಡಹೆಸರಾಯಿತು. ಅಣಕಿಸುವವನಿಗೆ ಆ ಪಾರ್ಟು ಕೊಟ್ಟರೂ ಅಷ್ಟೇ, ಒಂದೋ ಅವನು ಅದನ್ನೇ ಇನ್ನೂ ಚೆನ್ನಾಗಿ ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ, ಇಲ್ಲ ಎಲ್ಲರೆದುರು ಅವಮಾನವಾಗಿ ಆ ಸಿಟ್ಟನ್ನು ಗೇಟಿನಾಚೆ ತೀರಿಸಿಕೊಳ್ಳುತ್ತಾನೆ. ಅದು ಪಾಠ ಅಲ್ಲ, ವೇಷ ಹಾಕಿದ ಶಿಕ್ಷೆ. ಮಗುವಿಗೆ ಮಾನಸಿಕ ಕಿರುಕುಳ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಮಾತು ತಪ್ಪು ಮಾಡಿದ ಮಗುವಿಗೂ ಸೇರುತ್ತದೆ.

ನಿಮ್ಮ ಪತ್ರದಲ್ಲಿ ಅಣಕಿಸುವವರು ನಾಲ್ಕೈದು ಜನ, ಆ ಹುಡುಗ ಒಬ್ಬ. ಉಳಿದ ನಲವತ್ತಾರು ಮಕ್ಕಳು ಏನು ಮಾಡುತ್ತಿದ್ದಾರೆ? ಕೆಲವರು ನಗುತ್ತಾರೆ, ಕೆಲವರು ಪುಸ್ತಕದೊಳಗೆ ಮುಖ ಹಾಕುತ್ತಾರೆ. ನಾಟಕ ಇರಬೇಕಾದ್ದು ಇವರಿಗಾಗಿ. ನಗು ನಿಂತರೆ ಅಣಕಕ್ಕೆ ಅರ್ಧ ಜೀವ ಹೋಯಿತು. ಫಿನ್ಲೆಂಡಿನಲ್ಲಿ 2009ರಿಂದ ದೇಶದ ತುಂಬ ಶಾಲೆಗಳಿಗೆ ಹರಡಿದ, ಮಕ್ಕಳು ಮಕ್ಕಳನ್ನು ಕಾಡುವುದನ್ನು ತಡೆಯುವ 'ಕಿವಾ' ಕಾರ್ಯಕ್ರಮವೂ ಹೆಚ್ಚು ಗಮನ ಕೊಟ್ಟಿದ್ದು ಸುತ್ತ ನಿಂತು ನೋಡುವ ಮಕ್ಕಳ ಮೇಲೇ.

ಇದಕ್ಕೆ ಹೇಳಿ ಮಾಡಿಸಿದ ಪದ್ಧತಿ ಒಂದಿದೆ, ಫೋರಂ ಥಿಯೇಟರ್. 1970ರ ದಶಕದಲ್ಲಿ ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೊ ಬೊಆಲ್ ರೂಪಿಸಿದ್ದು. ಮೂರು ನಿಮಿಷದ ಒಂದು ದೃಶ್ಯ, ಕೊನೆ ಕೆಟ್ಟದಾಗಿಯೇ ಮುಗಿಯಬೇಕು. ಆಮೇಲೆ ಅದನ್ನೇ ಮೊದಲಿಂದ ಆಡುತ್ತೀರಿ. ಈ ಸಲ ನೋಡುತ್ತಿರುವ ಯಾರು ಬೇಕಾದರೂ 'ಸ್ಟಾಪ್' ಅಂತ ಕೂಗಿ ಎದ್ದು ಬಂದು ಒಂದು ಪಾತ್ರದ ಜಾಗಕ್ಕೆ ನಿಂತು, ತಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಆಡಿ ತೋರಿಸಬಹುದು. ಅಣಕಿಸುವವನ ಪಾತ್ರವನ್ನು ಮಾತ್ರ ಬದಲಿಸುವಂತಿಲ್ಲ. ಅವನನ್ನು ಒಳ್ಳೆಯವನು ಮಾಡಿಬಿಟ್ಟರೆ ಉಳಿದವರಿಗೆ ಕೆಲಸವೇ ಇರುವುದಿಲ್ಲ ಅಲ್ವಾ?

ಮೊದಲ ವಾರ ಮಾತು, ಊಟ ಎರಡನ್ನೂ ಮುಟ್ಟಬೇಡಿ. ಆಟದ ಪೀರಿಯಡ್ ಇಟ್ಟುಕೊಳ್ಳಿ, ಕ್ಯಾಚ್ ಹಿಡಿಯಲು ಬಾರದ ಹುಡುಗನನ್ನು ಯಾವ ಟೀಮೂ ಸೇರಿಸಿಕೊಳ್ಳುವುದಿಲ್ಲ, ಇಷ್ಟೇ ಸಾಕು. ಮುಖ್ಯ ಪಾತ್ರಗಳಿಗೆ ಈ ಜಗಳದಲ್ಲಿ ಇಲ್ಲದ ಮಕ್ಕಳನ್ನು ಆರಿಸಿ. ಬೆಂಚು ಜರುಗಿಸಬೇಕಿಲ್ಲ, ಬೋರ್ಡಿನ ಮುಂದೆ ನಾಲ್ಕು ಜನ ನಿಲ್ಲುವ ಜಾಗವಿದ್ದರೆ ಆಯಿತು.

ಒಮ್ಮೆ ಒಂದು ಸರ್ಕಾರಿ ಶಾಲೆಯಲ್ಲಿ ಇಂಥದ್ದೇ ದೃಶ್ಯ ಆಡಿಸಿದ್ದೆ, ಅಲ್ಲಿ ಊಟದ ಹೊತ್ತಿನ ಕಥೆ. ಮೊದಲು ಬಂದ ಹುಡುಗಿ ಎಲ್ಲರಿಗೂ ಉದ್ದದ ಭಾಷಣ ಬಿಗಿದಳು, ನಗು ಜಾಸ್ತಿಯಾಯಿತು. ಇನ್ನೊಬ್ಬ ಬಂದು ಹೊಡೆಯಲು ಹೋದ, ಜಗಳ ದೊಡ್ಡದಾಯಿತು. ಮೂರನೆಯ ಹುಡುಗ, ಕ್ಲಾಸಿನಲ್ಲಿ ಅಷ್ಟಾಗಿ ಮಾತಾಡುವವನೂ ಅಲ್ಲ, ಬಂದು ತನ್ನ ಡಬ್ಬಿ ಎತ್ತಿಕೊಂಡು ಹೋಗಿ ಒಬ್ಬಂಟಿಯ ಪಕ್ಕ ನಿಂತು 'ಸ್ವಲ್ಪ ಜರುಗೋ' ಅಂದ. ಅಷ್ಟೇ. ಅಣಕಿಸುವ ಪಾತ್ರದ ಹುಡುಗನಿಗೆ ಮುಂದೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ಕ್ಲಾಸ್ ಪೂರ್ತಿ ಸುಮ್ಮನಾಯಿತು.

ನಕ್ಕವನ ಪಾತ್ರ ಮಾಡಿದ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ಆ ಪಾತ್ರವಾಗಿಯೇ ಉತ್ತರ ಹೇಳಲಿ, ಉಳಿದವರು ಕೇಳಲಿ: 'ನೀನ್ಯಾಕೆ ನಕ್ಕೆ?' ನನಗೆ ಸಾಮಾನ್ಯವಾಗಿ ಸಿಕ್ಕ ಉತ್ತರ, 'ನಗದಿದ್ರೆ ನಾಳೆ ನನ್ನನ್ನೇ ಹಿಡ್ಕೊಳ್ತಾರೆ.' ಇದನ್ನು ಕೇಳಿದಾಗ ನೀವು ತಕ್ಷಣ ಬುದ್ಧಿ ಹೇಳಲು ಹೋಗಬೇಡಿ ಮೇಡಂ, ಹತ್ತು ಸೆಕೆಂಡ್ ಬಿಡಿ. ಭಯ ತನಗೊಬ್ಬನಿಗೇ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗುವುದು ಆಗಲೇ.

ಒಂದೇ ಪೀರಿಯಡ್‌ಗೆ ಎಲ್ಲ ಸರಿಹೋಗುವುದಿಲ್ಲ. ವಾರಕ್ಕೊಂದರಂತೆ ಐದಾರು ವಾರವಾದರೂ ನಡೆಸಿ. ಮೂರನೆಯ ವಾರಕ್ಕೆ ಬೇಕಿದ್ದರೆ, ಬೆಂಗಳೂರಿನ ಹುಡುಗ ರಾಯಚೂರಿನ ಶಾಲೆಗೆ ಸೇರಿ ಅವನ 'ಏನ್ ಗುರೂ' ಕೇಳಿ ಅಲ್ಲಿಯವರು ನಗುವ ದೃಶ್ಯ ಮಾಡಿ. ಅದಕ್ಕೂ ಮೊದಲು ನಿಮ್ಮ ರಾಯಚೂರಿನ ಹುಡುಗನನ್ನು ಒಬ್ಬನೇ ಕರೆದು ಕೇಳಿ, ಅವನು ಬೇಡ ಅಂದರೆ ಬೇಡ.

ಹೊಡೆತ, ದುಡ್ಡು ಕಿತ್ತುಕೊಳ್ಳುವುದು, ಬೆದರಿಕೆ ಇದ್ದರೆ ನಾಟಕಕ್ಕೆ ಕಾಯಬೇಡಿ. ಅವತ್ತೇ ಹೆಡ್‌ಮಾಸ್ಟರ್‌ಗೆ ತಿಳಿಸಿ, ಮನೆಯವರನ್ನು ಕರೆಸಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ, ಮಗುವೇ ನೇರವಾಗಿ ಕರೆ ಮಾಡಬಹುದು.

ಪ್ರಶ್ನೆ: ನನ್ನ ಮಗ ಶಾಲೆಯ ನಾಟಕದಲ್ಲಿ ರೇಗಿಸುವವನ ಪಾತ್ರ ಮಾಡಿದ. ಈಗ ಫ್ರೆಂಡ್ಸ್ ಅವನನ್ನು 'ವಿಲನ್' ಅಂತಲೇ ಕರೆಯುತ್ತಾರಂತೆ, ಶಾಲೆಗೆ ಹೋಗಲು ಬೇಜಾರು ಮಾಡಿಕೊಳ್ಳುತ್ತಾನೆ.

ಉತ್ತರ: ಪಾತ್ರದಿಂದ ಹೊರಗೆ ತರುವುದನ್ನು ನಾಟಕ ಮಾಡಿಸಿದವರು ಮರೆತಿದ್ದಾರೆ, ಅಷ್ಟೇ. ನಾನು ಪಾತ್ರಕ್ಕೆ ಒಂದು ಟವೆಲ್ ಕೊಡುತ್ತೇನೆ, ಹೆಗಲ ಮೇಲಿದ್ದಷ್ಟು ಹೊತ್ತು ಪಾತ್ರ. ಮುಗಿದ ಮೇಲೆ ಅದನ್ನು ತೆಗೆದು ಕೊಡವಿ, ಮೇಜಿನ ಮೇಲಿಟ್ಟು, ಎಲ್ಲರೆದುರು ತನ್ನ ಹೆಸರು ಹೇಳಿ ತನಗೆ ಇಷ್ಟವಾದ ಒಂದು ತಿಂಡಿ ಹೇಳಬೇಕು. ಟೀಚರ್ ಹತ್ತಿರ ಮಾತಾಡಿ, ಈಗಲೂ ತಡವಾಗಿಲ್ಲ. ಅದೇ ದೃಶ್ಯ ಇನ್ನೊಮ್ಮೆ ಆಡಿಸಲಿ. ಟವೆಲ್ ಈ ಸಲ ಬೇರೆ ಹೆಗಲಿಗೆ ಹೋಗಲಿ, ನಿಮ್ಮ ಮಗ ಪಕ್ಕದಲ್ಲಿ ಬಂದು ಕೂರುವವನಾಗಲಿ.