11 ತಿಂಗಳಿಗೊಮ್ಮೆ ಬಿಚ್ಚೋ ಕಪಾಟು

ಮನೆ, ಮರ, ಮೊಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ್ರೀ. ನಾವು ಧಾರವಾಡ ಕಡೆಯವರು, ಪುಣೆದಾಗ ವಾಕಡದಾಗ ಬಾಡಿಗಿ ಮನ್ಯಾಗ ಇದೀವಿ. ಐದು ವರ್ಷದಾಗ ಮೂರು ಮನಿ ಬದಲಿ ಮಾಡೀವಿ. ಮದುವಿಗೆ ತಗೊಂಡ ಮೂರು ಬಾಗಿಲಿನ ಕಪಾಟು ಈಗ ಮುಟ್ಟಿದ್ರ ಸಾಕು ಅಲ್ಲಾಡ್ತದ. ಒಳಗಿನ ಆ ಗುಂಡನ್ನ ನಟ್ಟು ಎಷ್ಟು ತಿರುವಿದ್ರೂ ಸುಮ್ನ ತಿರಗ್ತದ, ಬಿಗಿ ಆಗಂಗಿಲ್ಲ. ಶಿಫ್ಟಿಂಗಿಗೆ ಬಂದ ಹುಡುಗ ಫೆವಿಕಾಲ್ ಹಾಕಿ ಉದ್ದನ ಸ್ಕ್ರೂ ಹೊಡದುಬಿಡ್ತೀನಿ ಅಂದ, ನಮ್ಮ ಯಜಮಾನ್ರು ಹೂಂ ಅಂದ್ರು, ನಾ ಬ್ಯಾಡ ಅಂದೆ. ಯಾರು ಸರಿ?

ಉತ್ತರ: ನೀವೇ ಸರಿ ಅಕ್ಕಾ, ಈ ಸಾಲನ್ನ ಯಜಮಾನ್ರಿಗೆ ಗಟ್ಟಿಯಾಗಿ ಓದಿ ಹೇಳಿ. ಆದ್ರೆ ನೀವು ಬೈತಾ ಇರೋ ಆ ಗುಂಡು ನಟ್ಟಿನ ತಪ್ಪು ಅರ್ಧವೇ. ಮೊದಲು ಕಪಾಟನ್ನ ಗೋಡೆಯಿಂದ ಒಂದಡಿ ಮುಂದೆ ಎಳೆದು ಹಿಂದಿನ ತೆಳು ಹಲಗೆ ನೋಡಿ. ಶಿಫ್ಟಿಂಗಿನವರು ಅದನ್ನ ಕಿತ್ತು, ಹೊಸ ಮನೇಲಿ ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದು ಹೋಗಿರ್ತಾರೆ, ಇಲ್ಲಾ ಗ್ರೂವ್ ಒಳಗೆ ಕೂರಿಸದೆ ಸುಮ್ಮನೆ ಒರಗಿಸಿರ್ತಾರೆ. ಬೆಂಕಿಪೊಟ್ಟಣದ ಒಳಗಿನ ಡಬ್ಬಿ ತೆಗೆದು ಹೊರಗಿನ ತೋಳನ್ನ ಪಕ್ಕದಿಂದ ಒತ್ತಿ ನೋಡಿ, ಚಪ್ಪಟೆ ಆಗ್ತದಲ್ಲ, ಹಿಂದಿನ ಹಲಗೆ ಇಲ್ಲದ ಕಪಾಟೂ ಅಷ್ಟೇ. ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೀರಿ, ಎರಡೂ ಅಳತೆ ಒಂದೇ ಬರೋ ತನಕ ಕಪಾಟನ್ನ ಪಕ್ಕಕ್ಕೆ ತಳ್ಳಿ ನೇರ ಮಾಡಿ, ಆಮೇಲೆ ಸುತ್ತಲೂ ನಾಲ್ಕು ಇಂಚಿಗೊಂದು ಸಣ್ಣ ಮೊಳೆ ಹೊಡೀರಿ. ಅಲ್ಲಾಟ ಇಷ್ಟಕ್ಕೇ ಎಷ್ಟೋ ಕಮ್ಮಿ ಆಗ್ತದೆ.

ಈಗ ನಟ್ಟಿಗೆ ಬರೋಣ. ಅಂಗಡೀಲಿ ಅದಕ್ಕೆ ಮಿನಿಫಿಕ್ಸ್ ಅಂತಾರೆ. ಅದು ಜರ್ಮನಿಯ ಹೆಫೆಲೆ ಕಂಪನಿ ಇಟ್ಟ ಹೆಸರು, ಈಗ ಯಾವ ಕಂಪನಿಯದ್ದಾದ್ರೂ ಎಲ್ಲರೂ ಹಂಗೇ ಕರೀತಾರೆ, ಜೆರಾಕ್ಸ್ ಅಂದಂಗೆ. ಎರಡು ತುಂಡು ಉಂಟು ಅದರಲ್ಲಿ, ನಿಂತ ಹಲಗೆಗೆ ತಿರುಪಿ ಕೂರಿಸೋ ಬೋಲ್ಟು ಒಂದು, ಅಡ್ಡ ಹಲಗೆಯ 15 ಎಂಎಂ ತೂತಲ್ಲಿ ಕೂರೋ ಕ್ಯಾಮ್, ಅಂದ್ರೆ ನಿಮ್ಮ ಆ ಗುಂಡು ನಟ್ಟು, ಇನ್ನೊಂದು. ಕ್ಯಾಮಿನ ಒಳಗಿನ ದಾರಿ ಸರಿಯಾದ ವೃತ್ತ ಅಲ್ಲ, ಒಂದು ಕಡೆ ಅಗಲ, ಹೋಗ್ತಾ ಹೋಗ್ತಾ ಕಿರಿದು, ಹಾಗಾಗಿ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿಸೋ ಅಷ್ಟರಲ್ಲಿ ಬೋಲ್ಟಿನ ತಲೆಯನ್ನ ಕಚ್ಚಿ ಎಳ್ಕೊಳ್ತದೆ. ಬೋಲ್ಟ್ ಒಳಗೆ ಹೋಗುವಾಗ ಕ್ಯಾಮಿನ ಬಾಯಿ ಹಲಗೆಯ ಅಂಚಿನ ಕಡೆ ಇರ್ಬೇಕು, ಮೇಲೆ ಬಾಣದ ಗುರುತು ಅದಕ್ಕೇ ಇರೋದು. ಬಾಯಿ ಬೇರೆ ಕಡೆ ಇದ್ರೆ ತಲೆ ಸಿಗೋದೇ ಇಲ್ಲ, ನೀವು ಹೇಳ್ದಂಗೆ ಸುಮ್ಮನೆ ತಿರುಗ್ತದೆ.

ಬಾಣ ಸರಿ ಇದ್ದೂ ಕಚ್ಚೋದಿಲ್ಲ ಅಂದ್ರೆ ಮುಖ್ಯವಾಗಿ ಎರಡು ಕಾರಣ. ಒಂದೋ ಕ್ಯಾಮ್ ಸವೆದಿದೆ, ಅದು ಸ್ಟೀಲ್ ಅಲ್ಲ ಮಾರಾಯ್ರೆ, ಸತುವಿನ ಅಚ್ಚು, ಶಿಫ್ಟಿಂಗ್ ಹುಡುಗರು ಡ್ರಿಲ್ ಮಷೀನಲ್ಲೇ ಬಿಗಿ ಮಾಡಿ ಒಳಗಿನ ಅಂಚು ಕೆತ್ತಿ ಹಾಕಿರ್ತಾರೆ, ಹಳೇದು ಒಂದು ಹಿಡ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ್ರೆ ಕೆಲವೇ ರೂಪಾಯಿಗೆ ಹೊಸದು ಸಿಗ್ತದೆ. ಎರಡನೇದು, ನಿಂತ ಹಲಗೆಯಲ್ಲಿ ಬೋಲ್ಟಿನ 5 ಎಂಎಂ ತೂತು ಪುಡಿಯಾಗಿ ಬೋಲ್ಟೇ ಹೊರಗೆ ಬರ್ತಾ ಇದೆ. ನಿಮ್ಮದು ಇದೇ ಇರ್ಬೇಕು ಅಂತ ನನ್ನ ಅಂದಾಜು. ಪಾರ್ಟಿಕಲ್ ಬೋರ್ಡಿಗೆ ಮರದ ನಾರಿಲ್ಲ, ಚೂರು ಒತ್ತಿ ಅಂಟಿಸಿದ್ದು, ಪ್ರತಿ ಸಲ ಬೋಲ್ಟ್ ಬಿಚ್ಚಿ ಹಾಕಿದಾಗ್ಲೂ ಸ್ವಲ್ಪ ಪುಡಿ ಉದುರ್ತದೆ. ಒಂದು ಸಲ ಜೋಡಿಸಿ ಇಟ್ಟುಬಿಡೋ ಲೆಕ್ಕದಲ್ಲಿ ಮಾಡಿದ ಕಪಾಟನ್ನ ನಾವು 11 ತಿಂಗಳ ಅಗ್ರಿಮೆಂಟಿಗೆ ಒಂದು ಸಲ ಬಿಚ್ತೇವೆ, ಏನು ಮಾಡೋದು. ರಿಪೇರಿ ಹೀಗೆ: ತೂತನ್ನ 10 ಎಂಎಂ ಮಾಡಿ, ಆಚೆ ಕಡೆ ಹೊರಗೆ ಬರದಂಗೆ ನೋಡ್ಕೊಂಡು, ಫೆವಿಕಾಲ್ ಹಚ್ಚಿದ ಗಟ್ಟಿ ಮರದ ಡೋವೆಲ್ (ಗುಂಡನೆಯ ಗೂಟ) ತುಂಡು ಹೊಡೆದು, ಒಂದು ರಾತ್ರಿ ಒಣಗಲಿಕ್ಕೆ ಬಿಟ್ಟು, ಬೆಳಿಗ್ಗೆ ಮಟ್ಟ ಮಾಡಿ ನಡುಮಧ್ಯಕ್ಕೆ ಪುನಃ 5 ಎಂಎಂ ತೂತು. ಈಗ ಬೋಲ್ಟ್ ನಿಜವಾದ ಮರಕ್ಕೆ ಕಚ್ಚೋದು.

ಆ ಹುಡುಗನ ಉದ್ದ ಸ್ಕ್ರೂ ಯಾಕೆ ಬೇಡ ಅಂದ್ರೆ, ಪಾರ್ಟಿಕಲ್ ಬೋರ್ಡಿನ ಮೇಲ್ಪದರ ಗಟ್ಟಿ, ಹೊಟ್ಟೆ ಸಡಿಲ, ಅಂಚಿಂದ ಹೊಡೆದ ಸ್ಕ್ರೂ ಸೀದಾ ಆ ಸಡಿಲ ಹೊಟ್ಟೆಗೇ ಹೋಗ್ತದೆ, ಕೆಲವು ಸಲ ಹಲಗೆ ಪೂರಿ ತರ ಉಬ್ಬಿ ಸೀಳ್ತದೆ. ಫೆವಿಕಾಲ್ ಒಳ್ಳೇದೇ, ಆದ್ರೆ ಹೊಳೆಯೋ ಲ್ಯಾಮಿನೇಟ್ ಮೇಲೆ ಅದು ಹಿಡಿಯೋದಿಲ್ಲ, ಬರಿ ಮರಕ್ಕೆ ಬರಿ ಮರ ಸಿಕ್ಕಿದ್ರೆ ಮಾತ್ರ. ಮುಂದಿನ ಸಲ ಮನೆ ಬದಲಿಸುವಾಗ ಬಾಗಿಲು, ಶೆಲ್ಫು ಮಾತ್ರ ತೆಗೆದು ಡಬ್ಬಿಯನ್ನ ಹಂಗೇ ಒಯ್ಯಲಿಕ್ಕೆ ಆಗ್ತದಾ ಅಂತ ಮೊದ್ಲು ಲಿಫ್ಟ್ ಅಳತೆ ನೋಡಿ.

ಪ್ರಶ್ನೆ: ನಾನು ಡೊಂಬಿವಲಿಯಲ್ಲಿದ್ದೇನೆ, ಊರು ಕುಂದಾಪುರ. 18 ಎಂಎಂ ಪ್ಲೈಯಲ್ಲಿ ಪುಸ್ತಕದ ಕಪಾಟು ಮಾಡಿಸ್ಬೇಕು, ಬಿಚ್ಚಿ ಊರಿಗೆ ಒಯ್ಯೋ ಹಾಗಿರ್ಬೇಕು. ಮಿಸ್ತ್ರಿ ಮಿನಿಫಿಕ್ಸ್ ಎಲ್ಲ ಕಂಪನಿ ಮಷೀನಿನ ಕೆಲ್ಸ, ಕೈಯಲ್ಲಿ ಆಗೋದಿಲ್ಲ ಅಂತಾನೆ. ಹೌದಾ?

ಉತ್ತರ: ಆಗ್ತದೆ, ಆದ್ರೆ ಅವನು ಹೇಳೋದು ಸುಳ್ಳೂ ಅಲ್ಲ. ಹಲಗೆಯ ಅಂಚಿಂದ ಕ್ಯಾಮಿನ 15 ಎಂಎಂ ತೂತಿನ ಮಧ್ಯಕ್ಕೆ ಸಾಮಾನ್ಯವಾಗಿ 24 ಇಲ್ಲಾ 34 ಎಂಎಂ, ಬೋಲ್ಟಿನ ಉದ್ದ ನೋಡ್ಕೊಂಡು, ಅಂಚಲ್ಲಿ ಬೋಲ್ಟ್ ಹೋಗೋ 8 ಎಂಎಂ ತೂತು, ಎದುರು ಹಲಗೆಯಲ್ಲಿ 5 ಎಂಎಂ. ಈ ಮೂರೂ ಒಂದು ಗೆರೆಗೆ ಬರ್ಬೇಕು, ಒಂದು ಎಂಎಂ ಆಚೀಚೆ ಆದ್ರೆ ಶೆಲ್ಫ್ ಮೇಲೆ ಕೆಳಗೆ ಕೂರ್ತದೆ. ನಾನು ಮೊದಲ ಸಲ ಪೆನ್ಸಿಲ್ ಗುರುತು ನಂಬಿ ಹೊಡೆದೆ, ತೂತಿನ ಆಳ ಹೆಚ್ಚಾಗಿ ಡ್ರಿಲ್ ಬಿಟ್ಟಿನ ನಡುವಿನ ಮೊನೆ ಆಚೆ ಕಡೆ ಬಿಳಿ ಲ್ಯಾಮಿನೇಟಲ್ಲಿ ಮೊಡವೆ ಎದ್ದಂಗೆ ಎದ್ದಿತು, ಎಂಟು ಕಡೆ. ಅದರ ಮೇಲೆ ನನ್ನ ಹೆಂಡತಿ ಇವತ್ತಿಗೂ ಸ್ಟಿಕ್ಕರ್ ಅಂಟಿಸಿ ಇಟ್ಟಿದ್ದಾಳೆ. ಡ್ರಿಲ್ ಜಿಗ್ (ತೂತಿಗೆ ಸರಿಯಾದ ಜಾಗ ಹಿಡಿದು ಕೊಡೋ ಅಚ್ಚು) ಒಂದು ತಗೊಳ್ಳಿ, ಬಿಟ್ಟಿಗೆ ಆಳದ ಸ್ಟಾಪರ್ ಹಾಕಿ. ಮತ್ತೆ, 18 ಅಂತ ಮಾರೋ ಪ್ಲೈ ಎಲ್ಲ ಸರಿಯಾಗಿ 18 ಇರೋದಿಲ್ಲ, ಒಂದೇ ಶೀಟಲ್ಲಿ ಎಲ್ಲಾ ಹಲಗೆ ಕೊಯ್ಸಿ, ದಪ್ಪ ಅಳೆಯೋ ಕ್ಯಾಲಿಪರ್ ಇಟ್ಟು ಅಳೀರಿ. ಪ್ರತಿ ಕ್ಯಾಮ್ ಪಕ್ಕ 8 ಎಂಎಂ ಮರದ ಡೋವೆಲ್ ಹಾಕೋದು ಮರೀಬೇಡಿ, ಕ್ಯಾಮ್ ಎಳೆದು ಹಿಡಿಯೋದು ಮಾತ್ರ, ಪುಸ್ತಕದ ಭಾರ ಹೊರೋದು ಡೋವೆಲ್. ಬಿಚ್ಚೋ ಕಪಾಟಲ್ವಾ, ಡೋವೆಲ್ಲಿಗೆ ಒಂದೇ ಕಡೆ ಅಂಟು.

ಇಷ್ಟೆಲ್ಲ ಬೇಡ ಅನಿಸಿದ್ರೆ ಕನ್ಫರ್ಮ್ಯಾಟ್ ಸ್ಕ್ರೂ ಕೇಳಿ, 7×50 ಎಂಎಂ ಸೈಜು, ದಪ್ಪ ತಿರುಪು ಗೆರೆ, ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಹಾಕೋ ತಲೆ. ತಲೆ ಹೊರಗೆ ಕಾಣ್ತದೆ, ಮೇಲೆ ಪ್ಲಾಸ್ಟಿಕ್ ಟೊಪ್ಪಿ ಹಾಕ್ಬಹುದು. ಪುಸ್ತಕದ ಕಪಾಟಿಗೆ ನನ್ನ ಓಟು ಇದಕ್ಕೇ. ಬಿಚ್ಚಿ ಒಯ್ಯೋ ಫರ್ನಿಚರ್ ಏನೂ ಹೊಸ ಫ್ಯಾಷನ್ ಅಲ್ಲ ಅಂತ ಮಿಸ್ತ್ರಿಗೂ ಹೇಳಿ, 1859ರಲ್ಲೇ ವಿಯೆನ್ನಾದ ಥೋನೆಟ್ ಕಂಪನಿ ಆರು ತುಂಡಿನ 14ನೇ ನಂಬರ್ ಕುರ್ಚಿ ಮಾಡಿತ್ತು, ಬಿಚ್ಚಿಟ್ರೆ ಒಂದು ಕ್ಯೂಬಿಕ್ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ.

ಪ್ರಶ್ನೆ: ಮಡಗಾಂವಿಂದ ಬರೀತಿದ್ದೇನೆ. ಮರದ ಮಂಚ ಹೊರಳಿದ್ರೆ ಕಿರ್ರೋ ಅಂತದೆ. ಅತ್ತೆ ಪಕ್ಕದ ರೂಮಲ್ಲೇ ಮಲಗೋದು.

ಉತ್ತರ: ಅರ್ಥ ಆಯ್ತು ಬಿಡಿ. ಮಳೆಗಾಲದಲ್ಲಿ ಉಬ್ಬಿದ ಮರ ದೀಪಾವಳಿ ಕಳೆದ ಮೇಲೆ ಕುಗ್ಗಿ ಜೋಡಣೆ ಸಡಿಲ ಆಗ್ತದೆ, ವರ್ಷಕ್ಕೆ ಒಂದು ಸಲವಾದ್ರೂ ಬೋಲ್ಟ್ ಬಿಗಿ ಮಾಡ್ಬೇಕು. ಮಂಚದ ಕಾಲಿಗೆ ಪಕ್ಕದ ಪಟ್ಟಿ ಸೇರೋ ಕಡೆ ಉದ್ದ ಬೋಲ್ಟೂ, ಪಟ್ಟಿಯೊಳಗೆ ಪೀಪಾಯಿ ಆಕಾರದ ಬ್ಯಾರಲ್ ನಟ್ಟೂ ಇರ್ತದೆ. ಬೋಲ್ಟ್ ಹಿಡೀತಾ ಇಲ್ಲ ಅಂದ್ರೆ ನಟ್ಟು ಒಳಗೇ ತಿರುಗಿ ನಿಂತಿರ್ತದೆ, ಅದರ ತಲೆಯ ಗೀಟನ್ನ ಸ್ಕ್ರೂ ಡ್ರೈವರಲ್ಲಿ ಬೋಲ್ಟಿನ ದಿಕ್ಕಿಗೆ ತಿರುಗಿಸಿ, ತೂತು ಸರಿ ಎದುರಿಗೆ ಬರ್ತದೆ. ಆಮೇಲೂ ಸದ್ದು ಇದ್ರೆ ಅಡ್ಡ ಪಟ್ಟಿಗಳ ತುದಿಗೆ ಮೇಣದ ಬತ್ತಿ ಉಜ್ಜಿ, ಎಣ್ಣೆ ಬಿಡ್ಬೇಡಿ, ಹಾಸಿಗೆಗೆ ಹತ್ತುತ್ತದೆ. ಅಲೆನ್ ಕೀಯನ್ನ ಮಂಚದ ಅಡಿಗೇ ಟೇಪ್ ಹಾಕಿ ಅಂಟಿಸಿಡಿ.