ಓದದೆ ಅಂಕ ಹಾಕಬೇಕೇ, ಮೇಷ್ಟ್ರೇ?

ಹೊಳಲ್ಕೆರೆಯ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇದು: "ಸದನದ ಸಮಯವೆಲ್ಲ ಗದ್ದಲದಲ್ಲೇ ಕಳೆದುಹೋಗುತ್ತಿದೆ. ಮಂಡಿಸಿದ ದಿನವೇ ವಿಧೇಯಕವನ್ನು ಮತಕ್ಕೆ ಹಾಕಬೇಕೆಂದು ನಿಯಮಾವಳಿಯನ್ನು ತಿದ್ದಬಾರದೇಕೆ?"

ಮಾನ್ಯರೇ,

ತಮ್ಮ ಬೇಸರ ನ್ಯಾಯವಾದದ್ದೇ. ಸದನದ ಬಾವಿಗಿಳಿದು ಇಡೀ ದಿನದ ಕಲಾಪ ಕೆಡಿಸುವವರ ಪರ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ. ಆದರೆ ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದ ತಾವು, ಓದದೆಯೇ ಅಂಕ ಹಾಕಲಿ ಎಂದು ಕೇಳುತ್ತಿರುವುದು ನನಗೆ ಸೋಜಿಗ.

ಮಂಡನೆಯ ನಂತರ ಪರ್ಯಾಲೋಚನೆ (ಇಡೀ ವಿಧೇಯಕದ ಮೇಲಿನ ಚರ್ಚೆ), ಖಂಡವಾರು (ಒಂದೊಂದೇ ಕಲಮಿನ) ಚರ್ಚೆ, ಅಂಗೀಕಾರ ಎಂಬ ಹಂತಗಳನ್ನು ಇಟ್ಟಿರುವುದು ಬರೀ ಶಾಸ್ತ್ರಕ್ಕಲ್ಲ. ಲೋಕಸಭೆಯ 74ನೆಯ ನಿಯಮದಂತೆ, ವಿಧೇಯಕದ ಪ್ರತಿ ಕೈಸೇರಿ ಎರಡು ದಿನವಾಗದಿದ್ದರೆ ಯಾವ ಸದಸ್ಯರಾದರೂ ಪರ್ಯಾಲೋಚನೆಗೆ ಆಕ್ಷೇಪ ಎತ್ತಬಹುದು. ಸಭಾಧ್ಯಕ್ಷರು ಅನುಮತಿ ಕೊಟ್ಟರೆ ಮಾತ್ರ ಆ ಆಕ್ಷೇಪ ಬಿದ್ದುಹೋಗುತ್ತದೆ. ತಿದ್ದಬೇಕಾದದ್ದು ಈ ವಿನಾಯಿತಿಯನ್ನು. ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುವ ವಿಧೇಯಕ 2021ರ ನವೆಂಬರ್ 29ರಂದು ಒಂದೇ ದಿನ ಎರಡೂ ಸದನಗಳನ್ನು ಚರ್ಚೆಯಿಲ್ಲದೆ ದಾಟಿತು. ದಾವಣಗೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ನಾನು ಮಾತಾಡಿಸಿದ ಮೆಕ್ಕೆಜೋಳದ ರೈತರು ಹಿಗ್ಗಿದರು, ನಾನೂ ಹಿಗ್ಗಿದೆ. ನಮಗೆ ಬೇಕಾದದ್ದು ಅವಸರದಲ್ಲಿ ಬಂದರೆ ಅವಸರ ಯಾರಿಗೂ ಕಾಣುವುದಿಲ್ಲ.

ನಮ್ಮದೇ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆಯನ್ನು ನೋಡಿ. 2020ರಲ್ಲಿ ಸುಗ್ರೀವಾಜ್ಞೆಯ ರೂಪದಲ್ಲಿ ಬಂದ ತಿದ್ದುಪಡಿಯನ್ನು ರದ್ದುಪಡಿಸುವ ವಿಧೇಯಕವನ್ನು 2023ರಲ್ಲಿ ವಿಧಾನ ಪರಿಷತ್ತು ಪರಿಶೀಲನಾ ಸಮಿತಿಗೆ ಒಪ್ಪಿಸಿದಾಗ, ಅದನ್ನು ಸರ್ಕಾರಕ್ಕಾದ ಮುಖಭಂಗವೆಂದೇ ಎಣಿಸಲಾಯಿತು. ಕೇರಳದಲ್ಲಿ 1980ರಿಂದಲೂ ವಿಷಯವಾರು ಸಮಿತಿಗಳಿವೆ; ಅಲ್ಲಿ ವಿಧೇಯಕ ಸಮಿತಿಗೆ ಹೋದರೆ ಯಾರ ಮುಖವೂ ಭಂಗವಾಗುವುದಿಲ್ಲ.

ಚಿತ್ರದುರ್ಗದಲ್ಲಿ ವಕೀಲಿ ಮಾಡಿದ ಎಸ್. ನಿಜಲಿಂಗಪ್ಪನವರೂ ಸದಸ್ಯರಾಗಿದ್ದ ಸಂವಿಧಾನ ಸಭೆಯಲ್ಲಿ, ಸಂವಿಧಾನದ ಕರಡು ಪ್ರತಿಗೆ 7,635 ತಿದ್ದುಪಡಿಗಳ ಸೂಚನೆ ಬಂದು 2,473 ಮಂಡನೆಯಾದವು. ಎರಡು ವರ್ಷ, ಹನ್ನೊಂದು ತಿಂಗಳು, ಹದಿನೇಳು ದಿನ ಹಿಡಿದ ಆ ಕೆಲಸವನ್ನು ಇಂದು ಯಾರೂ ಕಾಲಹರಣ ಎನ್ನುವುದಿಲ್ಲ. ಸಮಯವಿಲ್ಲವೆಂಬ ಮಾತನ್ನು ಮಾತ್ರ ನನಗೆ ಹೇಳಬೇಡಿ: ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು 2005ರಲ್ಲೇ ಕಾಯ್ದೆ ಮಾಡಿಕೊಂಡದ್ದು ನಮ್ಮದೇ ಕರ್ನಾಟಕ, ಅದನ್ನು ಮುರಿಯುತ್ತಾ ಬಂದದ್ದೂ ನಾವೇ, ಪಕ್ಷಭೇದವಿಲ್ಲದೆ.

ಈ ರೋಗ ವಿಧಾನಸೌಧದಲ್ಲಷ್ಟೇ ಇದೆಯೆಂದುಕೊಳ್ಳಬೇಡಿ. ವರದಿಗಾರನಾಗಿದ್ದಾಗ ಒಂದು ಪುರಸಭೆಯ ಸಾಮಾನ್ಯ ಸಭೆಯಲ್ಲಿ ನಲವತ್ತು ವಿಷಯಗಳು ಮಂಡಕ್ಕಿ-ಮಿರ್ಚಿ ಬರುವುದರೊಳಗೇ 'ಸರ್ವಾನುಮತ'ದಿಂದ ಮುಗಿದದ್ದನ್ನು ಕಂಡಿದ್ದೇನೆ. ಮಂಡಕ್ಕಿ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಮರುದಿನ ನಾನು ಬರೆದದ್ದೂ ಇಬ್ಬರು ಸದಸ್ಯರ ಜಗಳದ ಸುದ್ದಿಯನ್ನೇ, ಆ ನಲವತ್ತರಲ್ಲಿ ಒಂದನ್ನೂ ಅಲ್ಲ.

ಸಂವಿಧಾನದ 208ನೆಯ ವಿಧಿಯಂತೆ ಕಲಾಪದ ನಿಯಮಗಳನ್ನು ರಚಿಸಿಕೊಳ್ಳುವ ಅಧಿಕಾರ ಸದನದ್ದೇ. ಆದ್ದರಿಂದ ತಮ್ಮ ಪತ್ರದ ಒಂದು ಪ್ರತಿಯನ್ನು ತಮ್ಮ ಕ್ಷೇತ್ರದ ಶಾಸಕರಿಗೂ ಕಳುಹಿಸಿ. ಅದಕ್ಕೆ ಮೊದಲು 'ಮಂಡಿಸಿದ ದಿನವೇ' ಎಂಬುದನ್ನು ಹೊಡೆದುಹಾಕಿ 'ಪ್ರತಿ ಕೈಸೇರಿದ ಎರಡು ದಿನಗಳ ನಂತರವೇ' ಎಂದು ಬರೆಯಿರಿ. ಕೆಂಪು ಶಾಯಿ ತಮ್ಮ ಮನೆಯಲ್ಲಿ ಇನ್ನೂ ಇದ್ದೀತು.

— ಸಂಪಾದಕ